ಕ್ಯಾರಿಯರ್ ಬೋಲ್ಟು ವಾರಕ್ಕೊಮ್ಮೆ ಲೂಜ್ ಆಗ್ತೈತಿ, ಏನ್ ಮಾಡ್ಲಿ?

ಸಾಣಾಪುರ_ಸವಾರ · ಭಾನುವಾರ ರಾತ್ರಿ 8:50

ಎಲ್ಲಾರ್ಗೂ ನಮಸ್ಕಾರ್ರಿ. ನಾನು ಸಾಣಾಪುರದಿಂದ ಗಂಗಾವತಿಗೆ ದಿನಾ ಸೈಕಲ್ ಮ್ಯಾಲೆ ಓಡಾಡ್ತೀನಿ. ರೈಸ್ ಮಿಲ್ಲಿನ್ಯಾಗ ಎಲೆಕ್ಟ್ರಿಷಿಯನ್ ಕೆಲಸ. ಗೇರ್ ಸೈಕಲ್ ತಗೊಂಡು ಐದು ತಿಂಗಳಾತು, ಹಿಂದಿನ ಕ್ಯಾರಿಯರ್ ಆಮ್ಯಾಲೆ ಹಾಕ್ಸಿದ್ದು. ಅದರ ಬಲಗಡೆ ಕಾಲಿನ ಬೋಲ್ಟು, ಹಿಂದಿನ ಗಾಲಿ ಅಚ್ಚಿನ ಮ್ಯಾಲೆ ಫ್ರೇಮಿಗೆ ಕೂಡ್ತೈತಲ್ಲ ಅದು, ವಾರಕ್ಕೊಮ್ಮೆ ಲೂಜ್ ಆಗ್ತೈತಿ. ಎರಡು ಸಲ ದಾರ್ಯಾಗ ಬಿದ್ದೇ ಹೋತು. ಎರಡನೇ ಸಲ ಕ್ಯಾರಿಯರ್ ವಾಲಿ ಗಾಲಿಗೆ ತಾಕಿ, ನಾನೂ ರೋಡ್ ಪಾಲಾಗ್ತಿದ್ದೆ.

ಕೈಲಾದಷ್ಟು ಬಿಗಿ ಮಾಡೀನಿ. ಮೊನ್ನೆ ಇನ್ನೂ ಸ್ವಲ್ಪ ಬಿಗಿ ಮಾಡಾಕ ಹೋಗಿ ಬೋಲ್ಟಿನ ತಲೀನೇ ರೌಂಡ್ ಆತು. ಅಂಗಡ್ಯಾವ್ರು ಸ್ಪ್ರಿಂಗ್ ವಾಷರ್ ಹಾಕಿ ಕೊಟ್ರು, ಹತ್ತು ದಿನ ತಡೀತು, ಮತ್ತ ಅದ ಕತಿ. ಇದರ ಜತಿಗೆ ಎಡಗಡೆ ಪೆಡಲ್ ಕಡೆಯಿಂದ ಕಟ್ ಕಟ್ ಅಂತ ಸಪ್ಪಳ ಬ್ಯಾರೆ ಶುರುವಾಗೈತಿ.

ಕಾಯಂ ದಾರಿ ಏನರ ಐತೇನ್ರಿ? ಬೇಜಾರಾಗಿ ವೆಲ್ಡಿಂಗ್ ಹೊಡಿಸಿಬಿಡ್ಲಾ ಅನಸ್ತೈತಿ.

ಗಂಗಾವತಿ_ಸೋನಾಮಸೂರಿ · 8:58

ವೆಲ್ಡಿಂಗ್ ಹೊಡಿಸು, ಪಂಕ್ಚರ್ ಆದಾಗ ವೆಲ್ಡರ್‌ಗೆ ಫೋನ್ ಮಾಡು.

ರಾಯಚೂರು_ಬಿಸಿಲು · 9:04

ಎರಡು ನಟ್ ಹಾಕು, ಮುಗೀತು. ನಮ್ಮಪ್ಪ ಎತ್ತಿನ ಗಾಡಿಗೂ ಹಂಗೇ ಹಾಕ್ತಿದ್ದ, ಸೈಕಲ್ಲಿಗೂ ಹಂಗೇ.

ಸಾಣಾಪುರ_ಸವಾರ · 9:10

ಅಣ್ಣಾ, ಅಲ್ಲಿ ನಟ್ಟೇ ಇಲ್ಲ. ಫ್ರೇಮಿನ ತೂತಿನ್ಯಾಗ ಚೂಡಿ (ಥ್ರೆಡ್) ಐತಿ, ಬೋಲ್ಟು ಸೀದಾ ಅದರಾಗ ಕೂಡ್ತೈತಿ.

ಕೌಲ್‌ಬಜಾರ್_ಕಾಕಾ · 9:31

ತಮ್ಮ, ಬಳ್ಳಾರ್ಯಾಗೆ ಮೂವತ್ತು ವರ್ಷ ಸೈಕಲ್ ಅಂಗಡಿ ಇಟ್ಟೋನು ನಾನು. ಮೊದಲು ಆ ಕ್ಯಾರಿಯರ್ ಬಿಡು, ಎಡಗಡೆ ಸಪ್ಪಳ ನೋಡು. ಕ್ಯಾರಿಯರ್ ಬಿದ್ರೆ ಚೀಲ ಬೀಳ್ತದೆ, ಎಡಗಡೇದು ಹೋದ್ರೆ ನೀನು ಬೀಳ್ತೀಯ.

ಸೈಕಲ್ ಗೋಡೆಗೆ ಆನಿಸು. ಪೆಡಲ್ ಹಿಡೀಬ್ಯಾಡ, ಪೆಡಲ್ ಕೂಡೋ ತೋಳು ಐತಲ್ಲ, ಆ ಕ್ರ್ಯಾಂಕ್ ಹಿಡಿ. ಫ್ರೇಮಿನ ಕಡೆ ಒಮ್ಮೆ ದೂಡು, ಹೊರಗೆ ಒಮ್ಮೆ ಜಗ್ಗು. ಅಲ್ಲಾಡ್ತೈತಾ? ಎಡಗಡೆ ಮಾತ್ರ ಅಲ್ಲಾಡಿದ್ರೆ ಕ್ರ್ಯಾಂಕ್ ಬೋಲ್ಟು ಲೂಸ್. ಎರಡೂ ಕಡೆ ಕೂಡೇ ಅಲ್ಲಾಡಿದ್ರೆ ಒಳಗಿನ ಬೇರಿಂಗ್. ಕ್ರ್ಯಾಂಕ್ ಗಟ್ಟಿ ಇದ್ದು ಪೆಡಲ್ ಅಷ್ಟೇ ಆಡಿದ್ರೆ ಪೆಡಲ್ ಬಿಗಿ ಮಾಡು. ಆದ್ರೆ ನೆನಪಿಡು, ಎಡಗಡೆ ಪೆಡಲ್ ಉಲ್ಟಾ ಚೂಡಿ. ಬಿಗಿ ಮಾಡ್ತೀನಿ ಅಂತ ಬಿಚ್ಚಿಕೊಂಡು ಬಂದೋರು ನನ್ನ ಅಂಗಡಿಗೆ ತಿಂಗಳಿಗೆ ಇಬ್ಬರು.

ಸಾಣಾಪುರ_ಸವಾರ · 9:52

ಕಾಕಾ, ನೋಡಿದೆ. ಎಡಗಡೆ ಕ್ರ್ಯಾಂಕೇ ಆಡ್ತೈತಿ. ಬಲಗಡೆ ಕಲ್ಲಿನಂಗ ಐತಿ.

ಕೌಲ್‌ಬಜಾರ್_ಕಾಕಾ · 9:55

ಹಂಗಾದ್ರೆ ನಾಳೆ ಬಸ್ಸಿಗೆ ಹೋಗು. ಬಿಗಿ ಮಾಡೋ ತನಕ ಸೈಕಲ್ ಹತ್ತಬ್ಯಾಡ. ಅಚ್ಚು ಉಕ್ಕಿಂದು, ಕ್ರ್ಯಾಂಕ್ ಅಲ್ಯೂಮಿನಿಯಂ. ಲೂಸ್ ಇದ್ದಂಗೇ ತುಳಿದ್ರೆ ಉಕ್ಕು ಕ್ರ್ಯಾಂಕಿನ ಚೌಕ ತೂತನ್ನ ತಿಂದು ಗುಂಡಗೆ ಮಾಡ್ತದೆ. ಆಮೇಲೆ ಎಷ್ಟೇ ಬಿಗಿ ಮಾಡಿದ್ರೂ ನಿಲ್ಲಲ್ಲ, ಹೊಸ ಕ್ರ್ಯಾಂಕೇ ಗತಿ.

ಸಂಡೂರು_ಕೆಂಪುಧೂಳು · 10:15

ಕಾಕಾ ಹೇಳಿದ್ದು ನೂರಕ್ಕೆ ನೂರು. ನಾನು ಅದಿರು ಲಾರಿ ಓಡಾಡೋ ರೋಡಿನಾಗೆ ಎರಡು ವರ್ಷ ಸೈಕಲ್ ಹೊಡೆದಿದೀನಿ. ಸಪ್ಪಳ ಬಂದ್ರೂ "ಭಾನುವಾರ ನೋಡಿದ್ರಾಯ್ತು" ಅಂತ ಬಿಟ್ಟೆ. ಶುಕ್ರವಾರ ಏರಿನಾಗೆ ನಿಂತು ತುಳಿಯುವಾಗ ಕ್ರ್ಯಾಂಕ್ ಬೂಟಿನ ಜತೆಗೇ ಕಳಚಿ ಬಂತು. ಮೊಣಕಾಲಿನ ಗುರುತು ಇನ್ನೂ ಐತೆ.

ಸಿಂಧನೂರು_ಟೀಚರ್ · ಸೋಮವಾರ ಬೆಳಿಗ್ಗೆ 6:40

ನನ್ನ ಮಗಳ ಸೈಕಲ್ಲಿನದೂ ಇದೇ ಗೋಳು, ಮಡ್‌ಗಾರ್ಡಿನ ಸಣ್ಣ ಬೋಲ್ಟುಗಳು. ನಾನು ನೇಲ್ ಪಾಲಿಶ್ ಹಚ್ಚಿ ತಿರುಗಿಸ್ತೀನಿ. ಮೂರು ತಿಂಗಳಿಂದ ಬಿದ್ದಿಲ್ಲ. ನಗಬ್ಯಾಡ್ರಿ ಮತ್ತ.

ರಾಯಚೂರು_ಬಿಸಿಲು · 6:52

ನಗಲಿಲ್ಲರಿ ಮೇಡಂ. ಯಾವ ಬಣ್ಣ ಅಂತ ಅಷ್ಟೇ ಕೇಳಬೇಕಂತ ಮಾಡಿದ್ದೆ.

ಗಂಗಾವತಿ_ಸೋನಾಮಸೂರಿ · 7:03

ಫೆವಿಕ್ವಿಕ್ ಹಾಕ್ರಿ, ಅದಕ್ಕಿಂತ ಗಟ್ಟಿ.

ಜೀನ್ಸ್_ಮಷಿನ್_ಮೆಕ್ಯಾನಿಕ್ · 7:20

ಫೆವಿಕ್ವಿಕ್ ಬ್ಯಾಡ್ರಪ್ಪಾ. ಒಣಗಿದ ಮ್ಯಾಲೆ ಗಾಜಿನಂಗೆ ಆಗ್ತದೆ, ನಡುಗಿದ್ರೆ ಪಟ್ ಅಂತ ಸೀಳ್ತದೆ. ನಾನು ಬಳ್ಳಾರ್ಯಾಗೆ ಜೀನ್ಸ್ ಹೊಲಿಯೋ ಮಷಿನ್ ರಿಪೇರಿ ಮಾಡ್ತೀನಿ. ಮಷಿನ್ ದಿನಪೂರ್ತಿ ನಡುಗ್ತಾನೇ ಇರ್ತೈತೆ, ಸೈಕಲ್ ಅದರ ಮುಂದೆ ಏನೂ ಅಲ್ಲ. ನಮ್ಮಲ್ಲಿ ಚೂಡಿ ಹಿಡಿಯೋ ಅಂಟು, ನೀಲಿ ಲೋಕ್‌ಟೈಟ್ ಒಂದು ಹನಿ. ಕೆಲವು ಕಡೆ ಒಂದೇ ತೂತಿನಾಗೆ ಒಂದರ ಬೆನ್ನಿಗೆ ಒಂದು ಎರಡು ತಲೆಯಿಲ್ಲದ ಸ್ಕ್ರೂ. ಮೇಲಿಂದು ಕೆಳಗಿಂದನ್ನ ಒತ್ತಿ ಹಿಡೀತದೆ.

ರಾಯಚೂರು_ಬಿಸಿಲು · 7:26

ಲೋಕ್‌ಟೈಟ್ ರಾಯಚೂರು ಬಿಸಿಲಿಗೆ ಕರಗಲ್ಲೇನು? ನಮ್ಮಲ್ಲಿ ಮೇ ತಿಂಗಳು ಬಂದ್ರ ಡಾಂಬರೇ ಮೆತ್ತಗಾಗ್ತದ.

ಜೀನ್ಸ್_ಮಷಿನ್_ಮೆಕ್ಯಾನಿಕ್ · 7:34

243 ನಂಬರಿನ ನೀಲಿದು 180 ಡಿಗ್ರಿ ತನಕ ತಡೀತದೆ. ಅಷ್ಟು ಬಿಸಿಲು ಬಂದ್ರೆ ಸೈಕಲ್ ಚಿಂತೆ ಯಾರಿಗಿರ್ತದೆ?

ಮೆಕ್ಯಾನಿಕಲ್_ಮೇಷ್ಟ್ರು · ಸೋಮವಾರ ಮಧ್ಯಾಹ್ನ 1:15

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಬೋಲ್ಟು ಯಾಕೆ ಹಿಡಿಯುತ್ತದೆ ಅನ್ನೋದನ್ನು ಮೊದಲು ನೋಡೋಣ. ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ, ರಬ್ಬರ್ ಬ್ಯಾಂಡಿನ ಹಾಗೆ. ಆ ಎಳೆತವೇ ಎರಡು ತುಂಡುಗಳನ್ನು ಒತ್ತಿ ಹಿಡಿಯುವುದು. ನಾವು ಪಾನಾ ಮೇಲೆ ಹಾಕುವ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ, ನೂರಕ್ಕೆ ನಲವತ್ತರಷ್ಟು ಚೂಡಿಯ ಉಜ್ಜಾಟಕ್ಕೆ. ಉಳಿದ ಹತ್ತು ಮಾತ್ರ ಎಳೆತ. ತುಕ್ಕು, ಮಣ್ಣು ಇದ್ದರೆ ಆ ಹತ್ತರಲ್ಲೂ ಕಡಿತ. ಅದಕ್ಕೇ ಕೈಗೆ "ಭಾರೀ ಬಿಗಿ" ಅನ್ನಿಸಿದ್ದು ಒಳಗೆ ಸಡಿಲವೇ ಇರಬಹುದು.

ಇನ್ನು ಸಡಿಲವಾಗುವುದು. ಮೇಲೆ ಕೆಳಗೆ ಕುಲುಕಿದರೆ ಬೋಲ್ಟು ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಹಿಡಿದ ತುಂಡುಗಳು ಅಡ್ಡಡ್ಡ ಜಾರಿದರೆ ಬಿಚ್ಚಿಕೊಳ್ಳುತ್ತದೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಎಂಜಿನಿಯರ್ ಇದನ್ನು ಮಷಿನ್ ಮೇಲೆ ತೋರಿಸಿದರು. ಅಡ್ಡ ಜಾರಿದ ಪ್ರತಿ ಸಲವೂ ಉಜ್ಜಾಟ ಕ್ಷಣಕಾಲ ಕೈಬಿಡುತ್ತದೆ. ಚೂಡಿ ಅಂದರೆ ಇಳಿಜಾರು ತಾನೆ, ಬೋಲ್ಟು ಎಳ್ಳಷ್ಟು ಹಿಂದಕ್ಕೆ ತಿರುಗುತ್ತದೆ. ಸಾವಿರ ಎಳ್ಳು ಸೇರಿದರೆ ಆನೆಗೊಂದಿ ರಸ್ತೆಯಲ್ಲಿ ಬೋಲ್ಟು.

ಆ ಮಷಿನ್ ಮೇಲೆ ನಮ್ಮ ಅಂಗಡಿಗಳಲ್ಲಿ ಹಾಕುವ ಸೀಳಿದ ಸ್ಪ್ರಿಂಗ್ ವಾಷರ್ ಇಟ್ಟರೆ ವಾಷರ್ ಇಲ್ಲದ ಬೋಲ್ಟಿನಷ್ಟೇ ಬೇಗ ಬಿಚ್ಚಿಕೊಳ್ಳುತ್ತದೆ. ಬಿಗಿ ಮಾಡಿದಾಗ ಅದು ಚಪ್ಪಟೆಯಾಗಿಬಿಡುತ್ತದೆ, ಆಮೇಲೆ ಮಾಮೂಲಿ ವಾಷರ್ರೇ.

ಗಂಗಾವತಿ_ಸೋನಾಮಸೂರಿ · 1:22

ಸರ್, ಇದು ಇಂಟರ್ನಲ್ಸಿಗೆ ಬರುತ್ತಾ?

ನಿವೃತ್ತ_ಕೀಮ್ಯಾನ್ · ಸೋಮವಾರ ಸಂಜೆ 5:40

ಮೇಷ್ಟ್ರ ಮಾತು ಒಪ್ಪಲಿಕ್ಕೆ ಆಗಂಗಿಲ್ಲ. ನಾನು ರೈಲ್ವೇದಾಗ ಕೀಮ್ಯಾನ್, ಹಳಿ ನೋಡ್ಕೊಳ್ಳೋ ಕೆಲಸದಾಗ ಇದ್ದಾಂವ. ಎರಡು ಹಳಿ ಜೋಡಿಸೋ ಪಟ್ಟಿಯ, ಅಂದ್ರ ಫಿಶ್‌ಪ್ಲೇಟ್ ಬೋಲ್ಟಿಗೆ ನಾವು ಸ್ಪ್ರಿಂಗ್ ವಾಷರ್ ಹಾಕ್ತಿದ್ದಿವಿ. ಮ್ಯಾಲೆ ಹೋಗೋದು ರೈಲು, ಸೈಕಲ್ ಅಲ್ಲ. ಉಪಯೋಗ ಇಲ್ಲಂದ್ರ ಯಾಕ ಹಾಕ್ತಾರ?

ಮೆಕ್ಯಾನಿಕಲ್_ಮೇಷ್ಟ್ರು · 5:58

ಒಳ್ಳೆ ಪ್ರಶ್ನೆ ಯಜಮಾನ್ರೇ. ನಿಮ್ಮದು ದಪ್ಪ ಸರಳಿನ ವಾಷರ್. ಫಿಶ್‌ಪ್ಲೇಟ್ ಸವೆದಾಗ ಆ ಸಂದನ್ನು ಅದು ತುಂಬಿಕೊಡುತ್ತದೆ. ಸೈಕಲ್ಲಿನ ತೆಳು ವಾಷರ್‌ಗೆ ಆ ಶಕ್ತಿ ಇಲ್ಲ. ಒಂದು ಮಾತು ಕೇಳ್ತೀನಿ, ತಪ್ಪು ತಿಳಿಯಬೇಡಿ: ವಾಷರ್ ಇದ್ದೂ ನೀವು ದಿನಾ ಹಳಿ ಮೇಲೆ ನಡೀತಿದ್ದಿರಿ ಅಲ್ವಾ?

ನಿವೃತ್ತ_ಕೀಮ್ಯಾನ್ · 6:20

ನಡೀತಿದ್ವಿ. ಹೆಗಲ ಮ್ಯಾಲೆ ಪಾನಾ, ಕೈಯಾಗ ಸುತ್ತಿಗಿ. ಮಳಿ ಇರಲಿ ಬಿಸಲಿರಲಿ, ನಮ್ಮ ಬೀಟು ದಿನಾ ಒಂದು ಸಲ ಆಗಬೇಕು. ಬೋಲ್ಟಿಗೆ ಸುತ್ತಿಗಿ ಬಡಿದ್ರ ಗಟ್ಟಿ ಇದ್ದದ್ದು ಠಣ್ ಅಂತದ, ಲೂಜ್ ಇದ್ದದ್ದು ಡಬ್ ಅಂತದ. ಕಣ್ಣಿಗಿಂತ ಕಿವಿ ಬೇಗ ಹಿಡೀತದ. ಆಯ್ತು, ವಾಷರ್ ಒಂದರಿಂದ ಆಗಂಗಿಲ್ಲ ಅನ್ನೋದು ಒಪ್ಪಿದೆ. ಅರ್ಧ ಒಪ್ಪಿದೆ.

ಸಂಡೂರು_ಕೆಂಪುಧೂಳು · 6:31

ಈ ಠಣ್-ಡಬ್ ಸೈಕಲ್ಲಿಗೂ ನಡೀತೈತೆ. ಸೈಕಲ್ ನಾಲ್ಕು ಬೆರಳು ಎತ್ತಿ ನೆಲಕ್ಕೆ ಬಿಡಿ. ಎಲ್ಲಾ ಗಟ್ಟಿ ಇದ್ರೆ ಟೈರಿನ ಸದ್ದು ಅಷ್ಟೇ. ಗಲ್ ಅಂದ್ರೆ ಎಲ್ಲೋ ಏನೋ ಬಿಟ್ಟೈತೆ. ನಾನು ದಿನಾ ಹೊರಡೋ ಮುಂದೆ ಮಾಡ್ತೀನಿ, ಹತ್ತು ಸೆಕೆಂಡು ಸಾಕು.

ರಾಯಚೂರು_ಬಿಸಿಲು · 6:44

ನನ್ನ ಎರಡು ನಟ್ಟಿನ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ.

ಮೆಕ್ಯಾನಿಕಲ್_ಮೇಷ್ಟ್ರು · 6:50

ಎರಡು ನಟ್ ಸರಿಯಾಗಿ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ. ಹತ್ತರಲ್ಲಿ ಒಂಬತ್ತು ಜನ ಉಲ್ಟಾ ಹಾಕ್ತಾರೆ, ದಪ್ಪ ನಟ್ ಕೆಳಗೆ, ತೆಳ್ಳನೆಯದು ಮೇಲೆ. ತೆಳುವಾದ್ದು ಕೆಳಗಿರಬೇಕು. ಅದನ್ನು ಹದವಾಗಿ ಬಿಗಿ ಮಾಡಿ, ಒಂದು ಪಾನಾದಲ್ಲಿ ಹಿಡಿದುಕೊಂಡೇ ಮೇಲಿನ ದಪ್ಪ ನಟ್ಟನ್ನು ಪೂರ್ತಿ ಬಿಗಿ ಮಾಡಬೇಕು. ಕೊನೆಗೆ ಭಾರ ಹೊರುವುದು ಮೇಲಿನದೇ.

ರಾಯಚೂರು_ಬಿಸಿಲು · 6:53

ನಮ್ಮಪ್ಪ ದಪ್ಪಂದು ಕೆಳಗೇ ಹಾಕ್ತಿದ್ದ. ಗಾಡಿ ಇನ್ನೂ ಅದ. ಎತ್ತುಗಳೇ ಇಲ್ಲ.

ಕೌಲ್‌ಬಜಾರ್_ಕಾಕಾ · 7:30

ಇವೆಲ್ಲಾ ಇರಲಿ. ಹೊಸ ಸೈಕಲ್ ಕೊಂಡೋರಿಗೆ ನಾನು ಹೇಳೋದು ಒಂದೇ, ಮೊದಲ ನೂರು ಕಿಲೋಮೀಟರ್ ಆದ ಮೇಲೆ ಎಲ್ಲಾ ಬೋಲ್ಟು ಒಂದ್ಸಲ ಮುಟ್ಟಿ ನೋಡು. ಬಣ್ಣದ ಮ್ಯಾಲೆ ಬಿಗಿ ಮಾಡಿರ್ತಾರೆ, ಪ್ಲಾಸ್ಟಿಕ್ ತುಂಡು ಮಧ್ಯೆ ಇರ್ತದೆ. ಅವೆಲ್ಲಾ ಒತ್ತಿ ಕೂತ ಮ್ಯಾಲೆ ಬೋಲ್ಟು ತಿರುಗದೇನೇ ಲೂಸ್ ಆಗ್ತದೆ. ಸ್ಕೂಲ್ ಹುಡುಗರ ಸೈಕಲ್ ಹೊಸದಾಗಿ ಬಂದ ತಿಂಗಳು ನನ್ನ ಅಂಗಡಿ ಮುಂದೆ ಜಾತ್ರೆ. ಪುಗಸಟ್ಟೆ ಬಿಗಿ ಮಾಡಿ ಕಳಿಸ್ತಿದ್ದೆ. ರೊಕ್ಕ ಕೇಳಿದ್ರೆ ಆ ಹುಡುಗರು ಎಲ್ಲಿಂದ ತರ್ಬೇಕು?

ಸಿಂಧನೂರು_ಟೀಚರ್ · 7:41

ನಮ್ಮ ಕಡೆ ಇನ್ನೊಂದು ತ್ರಾಸು ಐತ್ರಿ ಕಾಕಾ, ಎರಿ ಮಣ್ಣು. ಮಳಿಗಾಲದಾಗ ಹೊಲದ ದಾರಿ ಹಿಡಿದ್ರ ಮಡ್‌ಗಾರ್ಡಿಗೂ ಗಾಲಿಗೂ ನಡುವ ಮಣ್ಣು ತುಂಬಿ ಗಾಲಿನೇ ತಿರಗಂಗಿಲ್ಲ. ದೂಡಿದ್ರ ಮಡ್‌ಗಾರ್ಡ್ ಕಡ್ಡಿ ಬಗ್ಗಿ ಬೋಲ್ಟು ಕಿತ್ತು ಬರ್ತೈತಿ. ಅದಕ್ಕ ಯಾವ ಲೋಕ್‌ಟೈಟ್ ಹಚ್ಚಬೇಕು?

ರಾಯಚೂರು_ಬಿಸಿಲು · 7:45

ಎರಿ ಮಣ್ಣಿಗೆ ಮದ್ದಿಲ್ಲ. ಜೂನ್ ಬಂತಂದ್ರ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕ ಹಾಕ್ತೀವಿ, ಸುಗ್ಗಿ ಬಂದಾಗ ಮತ್ತ ಹಾಕ್ತೀವಿ. ಬೆನ್ನ ಮ್ಯಾಲೆ ಕೆಸರಿನ ಪಟ್ಟಿ ಬಿದ್ರ ಬೀಳಲಿ.

ಮುನಿರಾಬಾದ್_ಕಾಲುವೆ · ಸೋಮವಾರ ರಾತ್ರಿ 9:15

ಬೋಲ್ಟ್ ಬಿಡ್ರಿ, ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ನೆನಪೈತಾ? 2024ರ ಆಗಸ್ಟ್ 10ರ ರಾತ್ರಿ ಚೈನ್ ಕೊಂಡಿ ಕಡಿದು ಗೇಟೇ ಹೋತು. ಇರೋವು 33 ಗೇಟು, ಹೋಗಿದ್ದು ಒಂದು, ನಿದ್ದಿ ಕೆಟ್ಟಿದ್ದು ಎಷ್ಟೋ ಜಿಲ್ಲೆಯವರದು. ತುಂಬಿದ ನೀರು ಹರಿದು ಹೋಗೋದನ್ನ ನಿಂತು ನೋಡಿದ್ವಿ.

ಗಂಗಾವತಿ_ಸೋನಾಮಸೂರಿ · 9:19

ನೆನಪಿಲ್ಲದೇನು? ಎರಡನೇ ಬೆಳಿ ಬರ್ತೈತೋ ಇಲ್ಲೋ ಅಂತ ಮನ್ಯಾಗ ಯಾರೂ ಸರಿಯಾಗಿ ಉಣ್ಣಲಿಲ್ಲ ಆ ವಾರ. ಹರಿಯೋ ನೀರಿನ್ಯಾಗ ಸ್ಟಾಪ್‌ಲಾಗ್ ಇಳಿಸಿ, ಅಂದ್ರ ತಾತ್ಕಾಲಿಕ ಉಕ್ಕಿನ ಹಲಗಿ ಇಳಿಸಿ ನೀರು ತಡದರಲ್ಲ, ಆ ಕೆಲಸದವರಿಗೆ ಕೈ ಮುಗಿಬೇಕು.

ಕೌಲ್‌ಬಜಾರ್_ಕಾಕಾ · 9:24

ಚೈನೂ ಅಷ್ಟೇ, ಬೋಲ್ಟೂ ಅಷ್ಟೇ. ಸುಮ್ಮನೆ ಕೆಲಸ ಮಾಡ್ತಾ ಇರೋವಾಗ ಯಾರೂ ಅದರ ಮುಖ ನೋಡಲ್ಲ. ಸರಿ, ಸೈಕಲ್ಲಿಗೆ ಬರ್ರಪ್ಪ. ಸಾಣಾಪುರದ ತಮ್ಮ ಎಲ್ಲಿ?

ಸಾಣಾಪುರ_ಸವಾರ · ಮಂಗಳವಾರ ರಾತ್ರಿ 8:10

ಇಲ್ಲೇ ಅದೀನಿ ಕಾಕಾ. ಬೈಬ್ಯಾಡ್ರಿ. ನಿನ್ನೆ, ಇವತ್ತು ಎರಡು ದಿನ ಅದನ್ನ ತುಳಕೊಂಡು ಹೋಗಿಬಿಟ್ಟೆ. ಬಸ್ಸಿಗೆ ಹೋದ್ರ ಡ್ಯೂಟಿಗೆ ಲೇಟ್ ಆಗ್ತಿತ್ತು. ಇವತ್ತು ಸಂಜಿ ಬಿಗಿ ಮಾಡಿದ್ರ ಹತ್ತು ನಿಮಿಷದಾಗ ಮತ್ತ ಕಟ್ ಕಟ್.

ಕೌಲ್‌ಬಜಾರ್_ಕಾಕಾ · 8:14

ಹೋಯ್ತು ಬಿಡು. ಹೊಸ ಎಡಗಡೆ ಕ್ರ್ಯಾಂಕ್ ತಗೋ. ಚೌಕ ತೂತಿಂದೇ ಕೇಳು, ಉದ್ದ ಹಳೇದಕ್ಕೆ ಹೊಂದಬೇಕು. ಅಚ್ಚಿನ ಚೌಕವನ್ನ ಬಟ್ಟೆಯಾಗೆ ಒರೆಸಿ ಹಾಕು. ಬೋಲ್ಟಿನ ಚೂಡಿಗೆ, ತಲೆ ಕೆಳಗೆ ಒಂದು ಹನಿ ಗ್ರೀಸ್.

ಸಂಡೂರು_ಕೆಂಪುಧೂಳು · 8:20

ಗ್ರೀಸ್ ಹಚ್ಚಿದ್ರೆ ಇನ್ನೂ ಬೇಗ ಜಾರಲ್ವಾ ಕಾಕಾ?

ಮೆಕ್ಯಾನಿಕಲ್_ಮೇಷ್ಟ್ರು · 8:33

ಎಲ್ಲರಿಗೂ ಬರುವ ಅನುಮಾನ ಇದು. ಮೇಲೆ ಹೇಳಿದೆನಲ್ಲ, ಪಾನಾದ ಬಲವನ್ನೆಲ್ಲಾ ತಿನ್ನೋದು ಉಜ್ಜಾಟ. ಗ್ರೀಸ್ ಇದ್ದರೆ ಅದೇ ಬಲಕ್ಕೆ ಎಳೆತ ಜಾಸ್ತಿ ಬರುತ್ತದೆ. ಎಳೆತ ಸಾಕಷ್ಟಿದ್ದರೆ ತುಂಡುಗಳು ಜಾರೋದೇ ಇಲ್ಲ, ಜಾರದಿದ್ದರೆ ಬಿಚ್ಚಿಕೊಳ್ಳೋದೂ ಇಲ್ಲ. ಒಂದೇ ಎಚ್ಚರಿಕೆ: ಗ್ರೀಸ್ ಹಚ್ಚಿದ ಜಾಗಕ್ಕೆ ಲೋಕ್‌ಟೈಟ್ ಹಾಕಬೇಡಿ. ಎರಡರಲ್ಲಿ ಒಂದು.

ಕ್ರ್ಯಾಂಕ್ ಬೋಲ್ಟಿಗೆ 35ರಿಂದ 40 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬಿಗಿ ಬೇಕು.

ಸಾಣಾಪುರ_ಸವಾರ · 8:37

ಸರ್, ನನ್ನ ಹತ್ರ ಅದನ್ನ ಅಳಿಯೋ ಪಾನಾ ಇಲ್ಲ.

ಗಂಗಾವತಿ_ಸೋನಾಮಸೂರಿ · 8:49

ರೈಸ್ ಮಿಲ್ಲಿನ್ಯಾಗ ಕೆಲಸ ಮಾಡ್ತಿ, ಅಳತಿ ಪಾನಾ ಇಲ್ಲಂತಿ. 25 ಕೇಜಿ ಚೀಲ ಐತಲ್ಲ? ಪಾನಾ ನೆಲಕ್ಕ ಸಮ ಅಡ್ಡ ನಿಲ್ಲಿಸು, ಬೋಲ್ಟಿನ ನಡುವಿನಿಂದ 16 ಸೆಂಟಿಮೀಟರ್ ದೂರಕ್ಕ ಚೀಲ ತೂಗಹಾಕು. ಲೆಕ್ಕ ಹಾಕಿದೆ, 39 ನ್ಯೂಟನ್ ಮೀಟರ್ ಬರ್ತೈತಿ. ಮೇಷ್ಟ್ರೇ, ಹೌದಲ್ಲ?

ಮೆಕ್ಯಾನಿಕಲ್_ಮೇಷ್ಟ್ರು · 8:55

25 ಗುಣಿಸು 9.8 ಗುಣಿಸು 0.16. ಹೌದು, 39.2. ಇಂಟರ್ನಲ್ಸ್ ಪೂರ್ತಿ ಕೊಟ್ಟೆ. ಚೀಲವನ್ನು ನಿಧಾನಕ್ಕೆ ಬಿಡಿ, ಜಗ್ಗಬೇಡಿ. ಸೈಕಲ್ ಅಲ್ಲಾಡದ ಹಾಗೆ ಒಬ್ಬರು ಹಿಡಿದಿರಲಿ.

ಜೀನ್ಸ್_ಮಷಿನ್_ಮೆಕ್ಯಾನಿಕ್ · 9:20

ಈಗ ಕ್ಯಾರಿಯರಿಗೆ ಬರೋಣ. ತಮ್ಮ, ಮೂರು ಪ್ರಶ್ನೆ. ಚೀಲ ಎಷ್ಟು ಭಾರ, ಯಾವ ಕಡೆ ತೂಗಹಾಕ್ತೀಯ? ಕ್ಯಾರಿಯರ್ ಮೇಲ್ಗಡೆ ಸೀಟಿನ ಹತ್ರ ಯಾವುದಕ್ಕೆ ಕಟ್ಟೈತೆ? ಕ್ಯಾರಿಯರ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ್ರೆ ಆಡ್ತೈತಾ?

ಸಾಣಾಪುರ_ಸವಾರ · 9:41

ಟೂಲ್ ಬ್ಯಾಗು, ಎಂಟು-ಒಂಬತ್ತು ಕೇಜಿ. ಬಲಗಡೆ ತೂಗಹಾಕ್ತೀನಿ, ಎಡಗಡೆ ಸ್ಟ್ಯಾಂಡ್ ಐತಲ್ಲ. ಮ್ಯಾಲೆ ಫ್ರೇಮಿನ ಪೈಪಿಗೆ ಒಳಗ ರಬ್ಬರ್ ಇರೋ ತಗಡಿನ ಕ್ಲಿಪ್ಪು, ಎರಡೂ ಕಡೆ. ಅಲ್ಲಾಡಿಸಿ ನೋಡಿದೆ… ಎರಡು ಬೆರಳಷ್ಟು ಆಡ್ತೈತಿ. ಇದನ್ನ ನಾನು ನೋಡೇ ಇರಲಿಲ್ಲ.

ಜೀನ್ಸ್_ಮಷಿನ್_ಮೆಕ್ಯಾನಿಕ್ · 9:46

ಸಿಕ್ತು ಕಳ್ಳ. ಮೇಲೆ ಕ್ಲಿಪ್ಪು ಸಡಿಲ, ಕೆಳಗೆ ಪಾಪದ ಬೋಲ್ಟು ಒದೆ ತಿಂತಾ ಐತೆ. ಒಂದೇ ಕಡೆ ಒಂಬತ್ತು ಕೇಜಿ ತೂಗಾಡಿದ್ರೆ ಆ ಕಾಲು ಹೆಜ್ಜೆ ಹೆಜ್ಜೆಗೂ ಅಡ್ಡ ಜಾರ್ತದೆ. ಮೇಷ್ಟ್ರು ಹೇಳಿದ ಜರ್ಮನ್ ಮಷಿನ್ ನಿನ್ನ ಸೈಕಲ್ ಹಿಂದೇನೇ ಕೂತೈತೆ. ಬರೀ ಲೋಕ್‌ಟೈಟ್ ಹಾಕಿದ್ರೆ ಬೋಲ್ಟು ಬಿಚ್ಚಿಕೊಳ್ಳಲ್ಲ, ಬೀಳೋ ಬದಲು ಮುರೀತದೆ. ಆಗ ಅರ್ಧ ಬೋಲ್ಟು ಫ್ರೇಮಿನಾಗೆ ಸಿಕ್ಕಿಕೊಂಡು ಡ್ರಿಲ್ ಮಾಡಿಸಬೇಕು.

ರಬ್ಬರ್ ಕ್ಲಿಪ್ ತೆಗಿ. ಸೀಟಿನ ಕ್ಲ್ಯಾಂಪಿನಾಗೇ ಕ್ಯಾರಿಯರಿಗೆ ಬೋಲ್ಟಿನ ಜಾಗ ಇರೋದು ಸಿಗ್ತದೆ, ಅದು ಹಾಕು. ಬ್ಯಾಗು ಮಧ್ಯಕ್ಕೆ ಕಟ್ಟು. ಕೆಳಗೆ ಹೊಸ ಎಂ5 (5 ಮಿಲಿಮೀಟರ್ ದಪ್ಪದ) ಬೋಲ್ಟು, ಅಗಲ ವಾಷರ್. ಹಳೇ ಎಣ್ಣೆ ಹೋಗೋ ಹಂಗೆ ಥಿನ್ನರಿನಾಗೆ ಒರೆಸಿ ನೀಲಿ ಒಂದು ಹನಿ. ರಾತ್ರಿ ಹಾಕು, ಒಂದು ದಿನ ಬಿಡು. ಕೆಂಪು ಲೋಕ್‌ಟೈಟ್ ಯಾರಾದ್ರೂ ಕೊಟ್ರೆ ಬ್ಯಾಡ ಅನ್ನು, ಕಾಯಿಸದೆ ಅದು ಬಿಡಲ್ಲ.

ಸಂಡೂರು_ಕೆಂಪುಧೂಳು · 9:58

ಬೋಲ್ಟಿನ ಉದ್ದಾನೂ ನೋಡ್ಕೋ. ಬಲಗಡೆ ಜಾಸ್ತಿ ಉದ್ದ ಆದ್ರೆ ಒಳಗೆ ಚಾಚಿ, ಸಣ್ಣ ಚಕ್ರಕ್ಕೆ ಚೈನ್ ಬಂದಾಗ ತಾಕ್ತದೆ. ನನಗೆ ಹಂಗಾಗಿ ಎರಡು ವಾರ ಗೇರ್ ಕೆಟ್ಟೈತೆ ಅಂತಾನೇ ತಿಳ್ಕೊಂಡಿದ್ದೆ.

ಇಲ್ಲಾಂದ್ರೆ ಇನ್ನೊಂದು ಉಪಾಯ. ಗಾಲಿ ಬಿಚ್ಚಿ, ತಲೆ ತೆಳ್ಳಗಿರೋ ಬೋಲ್ಟನ್ನ ಒಳಗಿಂದ ಹೊರಗೆ ಹಾಕು. ಅದರ ಮೇಲೆ ಕ್ಯಾರಿಯರ್ ಕಾಲು, ವಾಷರ್, ಕೊನೆಗೆ ನೈಲಾನ್ ಉಂಗುರ ಇರೋ ನಟ್. ನಟ್ ಬಿದ್ರೂ ಬೋಲ್ಟು ಅಲ್ಲೇ ಇರ್ತದೆ. ಒಳಗಿನ ತಲೆಗೆ ಚೈನ್ ತಾಕಲ್ಲ ಅಂತ ಮೊದಲು ನೋಡ್ಕೋ ಅಷ್ಟೇ.

ಸಿಂಧನೂರು_ಟೀಚರ್ · 10:05

ನನ್ನ ಮಡ್‌ಗಾರ್ಡ್ ಪ್ಲಾಸ್ಟಿಕ್ಕಿಂದು. ನೀಲಿ ಹಚ್ಚಬಹುದೇನ್ರಿ?

ಜೀನ್ಸ್_ಮಷಿನ್_ಮೆಕ್ಯಾನಿಕ್ · 10:09

ಬ್ಯಾಡ ಅಕ್ಕಾ. ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡ್ತದೆ. ಅಲ್ಲಿಗೆ ನೈಲಾನ್ ನಟ್ಟೇ ಸರಿ. ನಿಮ್ಮ ನೇಲ್ ಪಾಲಿಶ್‌ಗೂ ಒಂದು ಒಳ್ಳೆ ಕೆಲಸ ಐತೆ. ಬಿಗಿ ಮಾಡಿದ ಮ್ಯಾಲೆ ನಟ್ಟಿನಿಂದ ಫ್ರೇಮಿನ ತನಕ ಒಂದು ಸಣ್ಣ ಗೆರೆ ಎಳೀರಿ. ಗೆರೆ ಮುರಿದ್ರೆ ನಟ್ ತಿರುಗೈತೆ ಅಂತ ದೂರದಿಂದಾನೇ ಗೊತ್ತಾಗ್ತದೆ.

ಸಿಂಧನೂರು_ಟೀಚರ್ · 10:12

ನೋಡಿದ್ರೇನು! ಕೆಂಪು ಬಣ್ಣ, ಬಿಸಿಲಣ್ಣಾ.

ಅಗಸಿ_ಹಿಂಡಿ · ಬುಧವಾರ ಬೆಳಿಗ್ಗೆ 7:05

ಗಾಲಿಯ ಕಡ್ಡಿ ಲೂಜ್ ಆಗೋದಕ್ಕ ಒಂದು ಹಳೇ ಉಪಾಯ ಐತಿ, ಯಾರೂ ಹೇಳ್ಲಿಲ್ಲ. ಕಡ್ಡಿ ಚೂಡಿಗೆ ಕಾಯಿಸಿದ ಅಗಸಿ ಎಣ್ಣಿ. ಹಸಿ ಇದ್ದಾಗ ಜಾರಿಸ್ತೈತಿ, ಒಣಗಿದ ಮ್ಯಾಲೆ ಅಂಟಾಗಿ ಹಿಡೀತೈತಿ. ಹೊರದೇಶದ ಗಾಲಿ ಕಟ್ಟೋರೂ ಇದನ್ನ ಬಳಸ್ತಾರ. ನಾವು ಕುಷ್ಟಗಿ ಕಡೆಯವರು ಅಗಸಿ ಹಿಂಡಿ, ಅಂದ್ರ ಚಟ್ನಿಪುಡಿ, ಮಾಡ್ಕೊಂಡು ರೊಟ್ಟಿಗೆ ಹಚ್ಕೊಂಡು ಮುಗಿಸ್ತೀವಿ.

ಗಂಗಾವತಿ_ಸೋನಾಮಸೂರಿ · 7:11

ಬೆಳಿಗ್ಗೆ ಬೆಳಿಗ್ಗೆ ಹಸಿವು ಮಾಡಿಸಬ್ಯಾಡ್ರಿ.

ಕೌಲ್‌ಬಜಾರ್_ಕಾಕಾ · 7:30

ಎಣ್ಣೆ ಆಮೇಲಿನ ಮಾತು. ಕಡ್ಡಿ ಲೂಸ್ ಆಗೋದು ಮೊದಲೇ ಸಾಕಷ್ಟು ಎಳೆದಿಲ್ಲದ್ದಕ್ಕೆ. ಗಾಲಿ ಬೆಂಡ್ ತೆಗಿಸೋವಾಗ ಬರೀ ನೇರ ಮಾಡಿ ಕೊಡ್ತಾರೆ, ಎಳೆತ ನೋಡಲ್ಲ. ಕಡ್ಡಿ ಜೋಡಿ ಹಿಡಿದು ಹಿಚುಕಿ ನೋಡ್ರಿ, ತಂಬೂರಿ ತಂತಿ ಹಂಗೆ ಇರ್ಬೇಕು.

ರಾಯಚೂರು_ಬಿಸಿಲು · 7:48

ಕಾಕಾ, ಒಂದು ಅನುಮಾನ. ಎಡ ಪೆಡಲ್ ಯಾಕ ಉಲ್ಟಾ? ಬೇರಿಂಗ್ ತಿರುಗೋ ದಿಕ್ಕು ನೋಡಿದ್ರ ಸೀದಾ ಚೂಡಿನೇ ಸರಿ ಅನಸ್ತದ. ಹಾಳೆ ಮ್ಯಾಲೆ ಬರ್ದು ನೋಡೀನಿ.

ಮೆಕ್ಯಾನಿಕಲ್_ಮೇಷ್ಟ್ರು · 8:15

ನೀವು ಬರೆದದ್ದು ತಪ್ಪಲ್ಲ. ಬೇರಿಂಗಿನ ಎಳೆತ ಪೆಡಲನ್ನು ಬಿಚ್ಚುವ ಕಡೆಗೇ ಇದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮುಷ್ಟಿಯಲ್ಲಿ ಪೆನ್ಸಿಲ್ ಸಡಿಲವಾಗಿ ಹಿಡಿದು, ಅದರ ಮೇಲ್ತುದಿಯನ್ನು ಇನ್ನೊಂದು ಕೈಯಲ್ಲಿ ಸುತ್ತಿಸಿ. ನೀವು ಸುತ್ತಿಸಿದ ದಿಕ್ಕಿಗೆ ಎದುರಾಗಿ ಪೆನ್ಸಿಲ್ ತನ್ನ ಸುತ್ತ ತಿರುಗುತ್ತದೆ. ಪೆಡಲ್ ಅಚ್ಚು ಕ್ರ್ಯಾಂಕಿನ ತೂತಿನಲ್ಲಿ ಮಾಡುವುದೂ ಇದನ್ನೇ, ಅದಕ್ಕೇ ಎಡಕ್ಕೆ ಎಡಚೂಡಿ. ಬೇರಿಂಗ್ ಜಾಮ್ ಆದರೆ ಮಾತ್ರ ಪೆಡಲ್ ಬಿಚ್ಚಿಕೊಳ್ಳುತ್ತದೆ. ಅದೂ ಒಳ್ಳೇದೇ, ನಿಮ್ಮ ಕಾಲು ಉಳಿಯುತ್ತದೆ.

ರಾಯಚೂರು_ಬಿಸಿಲು · 8:22

ಪೆನ್ಸಿಲ್ ತಿರುಗಿಸಿ ನೋಡ್ದೆ. ಮಗ "ಅಪ್ಪಾ ಮಜ್ಜಿಗಿ ಕಡೀತೀಯೇನು" ಅಂದ.

ನಿವೃತ್ತ_ಕೀಮ್ಯಾನ್ · 8:40

ನಮ್ಮ ಕಾಲಕ್ಕ ಅಟ್ಲಾಸ್ ಸೈಕಲ್, ಕಾಟರ್ ಪಿನ್ ಕ್ರ್ಯಾಂಕು, ಅಂದ್ರ ಕ್ರ್ಯಾಂಕನ್ನ ಅಚ್ಚಿಗೆ ಹಿಡಿಯೋ ಬೆಣೆ ಪಿನ್ನು. ಬಹಳ ಮಂದಿ ನಟ್ ಬಿಗಿ ಮಾಡಿ ಪಿನ್ ಎಳೀಲಿಕ್ಕೆ ನೋಡ್ತಿದ್ರು, ಚೂಡಿ ಹಾರಿ ಹೋಗ್ತಿತ್ತು. ಪಿನ್ನನ್ನ ಸುತ್ತಿಗಿಲಿಂದ ಕೂಡಿಸಬೇಕು, ನಟ್ ಅದು ಹಿಂದಕ್ಕ ಬರದಂಗ ಕಾಯಲಿಕ್ಕೆ ಅಷ್ಟೇ. ಎರಡು ದಿನ ತುಳಿದು ಮತ್ತೊಮ್ಮೆ ಬಡಿದ್ರ ವರ್ಷಗಟ್ಲೆ ಅಲ್ಲಾಡ್ತಿರ್ಲಿಲ್ಲ. ಅಟ್ಲಾಸ್ ಕಂಪನಿಯ, ದಿಲ್ಲಿ ಹತ್ರದ ಸಾಹಿಬಾಬಾದ್ ಫ್ಯಾಕ್ಟರಿ 2020ರ ಜೂನ್ 3ಕ್ಕೆ ಬಂದ್ ಆಯ್ತು. ಅವತ್ತೇ ವಿಶ್ವ ಸೈಕಲ್ ದಿನ. ಸುದ್ದಿ ಓದಿ ಸೈಕಲ್ ಹೊರಗ ತೆಗೆದು ಒರಸಿ ಇಟ್ಟೆ.

ಗಂಗಾವತಿ_ಸೋನಾಮಸೂರಿ · 8:46

ಅಜ್ಜಾ, ಮಾರೋದಿದ್ರ ಹೇಳ್ರಿ.

ನಿವೃತ್ತ_ಕೀಮ್ಯಾನ್ · 8:47

ಇಲ್ಲ.

ಸಾಣಾಪುರ_ಸವಾರ · ಮೂರು ವಾರದ ಮೇಲೆ, ಭಾನುವಾರ ಬೆಳಿಗ್ಗೆ 10:20

ಎಲ್ಲಾರ್ಗೂ ವರದಿ ಒಪ್ಪಿಸ್ತೀನಿ. ಎಡಗಡೆ ಹೊಸ ಕ್ರ್ಯಾಂಕ್ ಹಾಕ್ದೆ. ಅಕ್ಕಿ ಚೀಲ ಖರೇನೇ ತೂಗಹಾಕಿದ್ವಿ, ಹಮಾಲರೆಲ್ಲಾ ಬಂದು ನಿಂತು ನೋಡಿದ್ರು. ಸಪ್ಪಳ ಇಲ್ಲ.

ಕ್ಯಾರಿಯರಿಗೆ ಸೀಟ್ ಕ್ಲ್ಯಾಂಪ್ ಸಿಗಾಕ ಒಂದು ವಾರ ಬೇಕಾತು. ಕೆಳಗ ಹೊಸ ಬೋಲ್ಟು, ಅಗಲ ವಾಷರ್, ನೀಲಿ ಒಂದು ಹನಿ. ಬ್ಯಾಗು ಮ್ಯಾಲೆ ನಡುವ ಕಟ್ಟೀನಿ. ನಮ್ಮಕ್ಕನ ನೇಲ್ ಪಾಲಿಶ್ ತಗೊಂಡು ಎರಡೂ ಕಡೆ ಗೆರಿ ಎಳದೀನಿ, ಅಕ್ಕಗ ಇನ್ನೂ ಹೇಳಿಲ್ಲ. ಬಲಗಡೆ ಗೆರಿ ಹಂಗ ಐತಿ. ಎಡಗಡೆ ಬೋಲ್ಟು ನಾನು ಮುಟ್ಟೇ ಇರಲಿಲ್ಲ, ಯಾವತ್ತೂ ತ್ರಾಸು ಕೊಟ್ಟಿಲ್ಲ ಅಂತ. ಇವತ್ತು ನೋಡಿದ್ರ ಅದರ ಗೆರಿ ಕೂದಲಷ್ಟು ಸರಿದೈತಿ.

ಜೀನ್ಸ್_ಮಷಿನ್_ಮೆಕ್ಯಾನಿಕ್ · 10:31

ಆ ಕಡೆ ವಾಷರ್ ಕೆಳಗೆ ಬಣ್ಣ ಐತಾ, ಪ್ಲಾಸ್ಟಿಕ್ ಬುಶ್ ಐತಾ?

ಸಾಣಾಪುರ_ಸವಾರ · 10:38

ಕಪ್ಪು ಪ್ಲಾಸ್ಟಿಕ್ ಬುಶ್. ಬಲಗಡೇದು ಹಿಂದಿನ ಸಲ ಬೋಲ್ಟು ಬಿದ್ದಾಗಲೇ ಕಳದಿತ್ತು.

ಕೌಲ್‌ಬಜಾರ್_ಕಾಕಾ · 10:44

ಅದನ್ನ ಕಿತ್ತು ಬಿಸಾಕಿ ಬಲಗಡೆ ಮಾಡಿದಂಗೇ ಮಾಡು. ಇವತ್ತೇ ಮಾಡು, ಬಸ್ಸು ಲೇಟು ಅಂತ ಹೇಳಬ್ಯಾಡ.